ಎಡಭುಜದ ಬಂದೂಕು

ಮಾರ್ಚ್ ೪

ತಮ್ಮನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಂಬತ್ತು ವರ್ಷದಲ್ಲಿ ನನ್ನ ಕೈಬರಹವೇನೂ ಸುಧಾರಿಸಿಲ್ಲ. ಮಾತಾಡೋಣವೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಆದರೆ ಫೋನಾದರೆ ದನಿ ಕೇಳಿದ ಕೂಡಲೇ ಇಟ್ಟುಬಿಡಬಹುದು. ಕಾಗದವನ್ನು ಹರಿದು ಹಾಕಬೇಕೆಂದರೂ ಮೊದಲು ಬಿಡಿಸಬೇಕು, ಬಿಡಿಸಿದರೆ ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ.

ಹಳೆಯ ಮಾತು ಎತ್ತುವುದಿಲ್ಲ. ನನಗೊಂದು ಬಂದೂಕು ಬೇಕು.

ನಗಬೇಡ. ಶನಿವಾರ ಶನಿವಾರ ನನ್ನ ಶಾಲೆಯ ಬಸ್ಸಿನ ಮಕ್ಕಳನ್ನು ಊರಾಚೆಯ ಆಟದ ಮೈದಾನಕ್ಕೆ ಬಿಟ್ಟು ಎರಡು ಗಂಟೆ ಕಾಯಬೇಕು. ಮೈದಾನದ ಪಕ್ಕದ ಹಳೆಯ ಕಲ್ಲುಕ್ವಾರಿಯಲ್ಲಿ ಬಂದೂಕಿನವರ ಕ್ಲಬ್ಬಿದೆ. ನೆಲದೊಳಗಿನ ಗುಂಡಿಯಿಂದ ಕಿತ್ತಳೆ ಬಣ್ಣದ ಮಣ್ಣಿನ ಬಿಲ್ಲೆ ಚಿಮ್ಮುತ್ತದೆ, ಇವರು ಅದನ್ನು ಗಾಳಿಯಲ್ಲೇ ಹೊಡೆದು ಪುಡಿ ಮಾಡುತ್ತಾರೆ. ಐದು ವಾರ ಡ್ರೈವರ್ ಸೀಟಿನಲ್ಲಿ ಕೂತು ನೋಡಿದೆ. ಆರನೇ ವಾರ ಒಬ್ಬ ಅಜ್ಜಿ ಬಂದು ಬಸ್ಸಿನ ಬಾಗಿಲು ತಟ್ಟಿದಳು. "ಇಲ್ಲೇ ಕೂತು ಸೊಳ್ಳೆ ಹೊಡೀತೀಯಾ, ಬಂದು ಬಿಲ್ಲೆ ಹೊಡೀತೀಯಾ?" ಅಂದಳು. ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳಂತೆ. ಹೊಸಬರಿಗೆ ಕಲಿಸುವುದು ಅವಳೇ. ಎಲ್ಲರಿಗೂ ಅವಳು ಟೈಪಿಸ್ಟ್ ಅಜ್ಜಿ.

ಮುಂದಿನ ಶನಿವಾರ ಹೋಗಿ ಇಪ್ಪತ್ತೈದು ಹೊಡೆದೆ, ಎರಡು ಒಡೆಯಿತು. ಎರಡನೆಯದು ಒಡೆಯಲಿಲ್ಲ, ಹೊಗೆಯೇ ಆಗಿಹೋಯಿತು. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಮೈದಾನದ ಮಕ್ಕಳು ಆಟ ನಿಲ್ಲಿಸಿ ತಿರುಗಿ ನೋಡಿದರು.

ಕ್ಲಬ್ಬಿನ ಬಂದೂಕು ಊರವರೆಲ್ಲ ಬಳಸಿದ ಚಪ್ಪಲಿಯ ಹಾಗೆ, ಯಾರಿಗೂ ಸರಿಹೋಗುವುದಿಲ್ಲ. ಪರವಾನಗಿಗೆ ಅರ್ಜಿ ಹಾಕಿದ್ದೇನೆ. ಇಲ್ಲಿಯ ಅಂಗಡಿಯವನು ಥಳಥಳ ಹೊಳೆಯುವ ಒಂದನ್ನು ತೋರಿಸಿ, "ಹೆಂಗಸರಿಗೆ ಅಂತಲೇ ಮಾಡಿರೋದು ಮೇಡಂ, ಹೂವಿನ ಹಾಗೆ ಹಗುರ" ಅಂದ. ಅವನು ಹೇಳುವ ಬೆಲೆಯ ಅರ್ಧಕ್ಕಿಂತ ಮುಂದೆ ನನ್ನ ಕೈ ಚಾಚುವುದಿಲ್ಲ. ಈಗ ಅರ್ಧ ದಿನ ಮಾತ್ರ ಬಸ್ಸು ಓಡಿಸುತ್ತೇನೆ. ವಯಸ್ಸಾಯಿತಲ್ಲ.

ಬಂದೂಕಿನ ಹೊಟ್ಟೆಯೊಳಗಿನದೆಲ್ಲ ಬಲ್ಲವನು ನನಗೆ ಗೊತ್ತಿರುವುದು ಒಬ್ಬನೇ. ಅವನು ನನ್ನ ತಮ್ಮನಾಗಿಬಿಟ್ಟಿದ್ದಾನೆ, ಏನು ಮಾಡಲಿ? ಬಂದೂಕಿನ ವಿಷಯ ಮಾತ್ರ ಬರೆದರೂ ಸಾಕು.

ಅಕ್ಕ


ಮಾರ್ಚ್ ೧೯

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆದಿದ್ದೇನೆ.

ಅಂಗಡಿಯವನು ತೋರಿಸಿದ ಹಗುರ ಬಂದೂಕು ಕೊಳ್ಳಬೇಡಿ. ಅದು ಹೊತ್ತು ನಡೆಯುವವರಿಗೆ, ಇಡೀ ದಿನ ಅಲೆದು ನಾಲ್ಕು ಗುಂಡು ಹಾರಿಸುವವರಿಗೆ. ಬಿಲ್ಲೆ ಹೊಡೆಯುವವರು ನಿಂತಲ್ಲೇ ನಿಂತು ಒಂದು ಬೆಳಿಗ್ಗೆಗೆ ಐವತ್ತು ನೂರು ತೋಟಾ ಸುಡುತ್ತಾರೆ. ಪ್ರತಿ ತೋಟಾಕ್ಕೂ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ನುಂಗುವುದು ಬಂದೂಕಿನ ತೂಕ. ತೂಕ ಇಲ್ಲದಿದ್ದರೆ ನಿಮ್ಮ ಭುಜ ನುಂಗಬೇಕು. ಎರಡು ವಾರದಲ್ಲಿ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುವ ಚಟ ಹತ್ತುತ್ತದೆ. ಅದನ್ನು ಬಿಡಿಸುವುದು ಕಷ್ಟ.

ಹೊಸದೇ ಬೇಕೆಂದು ಹಟ ಬೇಡ. ನೀವು ಹೇಳಿದ ಅರ್ಧ ಬೆಲೆಗೆ, ಹನ್ನೆರಡು ಬೋರಿನ ನಳಿಗೆಯ, ಮೂರೂವರೆ ಕಿಲೋ ತೂಗುವ, ಒಳ್ಳೆಯ ಕೆಲಸಗಾರಿಕೆಯ ಹಳೆಯ ಬಂದೂಕು ಸಿಗುತ್ತದೆ. ಅದಕ್ಕೆ ಇಪ್ಪತ್ನಾಲ್ಕು ಗ್ರಾಂನ ಹಗುರ ತೋಟಾ ಹಾಕಿ. ಬಂದೂಕು ಭಾರ, ತೋಟಾ ಹಗುರ. ಜನ ಇದನ್ನು ತಿರುಗಾಮುರುಗಾ ಮಾಡಿಕೊಂಡು, ಹೆಗಲು ಉಜ್ಜಿಕೊಳ್ಳುತ್ತ ನನ್ನ ಅಂಗಡಿಗೆ ಬರುತ್ತಾರೆ.

ಮುಂದೆ ಹೇಳಬೇಕಾದರೆ ಮೂರು ವಿಷಯ ಗೊತ್ತಾಗಬೇಕು. ಯಾವ ಭುಜದಿಂದ ಹೊಡೆಯುತ್ತೀರಿ? ಹೊಡೆದಾದ ಮೇಲೆ ಮೈಯಲ್ಲಿ ಎಲ್ಲಿ ಸುಸ್ತು? ಗುರಿ ಹಿಡಿಯುವ ಯಜಮಾನ ಕಣ್ಣು ಯಾವುದು? ಈ ಕೊನೆಯದನ್ನು ತಿಳಿಯಲು, ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಬೆರಳು ಕಂಬ ಬಿಟ್ಟು ಕದಲುವುದಿಲ್ಲವೋ ಅದು ಯಜಮಾನ.

ಅಂಗಡಿಯ ಪರವಾಗಿ,
ಬಂದೂಕು ದುರಸ್ತಿಯವನು

ಅರ್ಜಿಯ ಮೂರನೇ ಪುಟದ ಹಿಂಬದಿಗೂ ಸಹಿ ಹಾಕಬೇಕು. ಬಹಳ ಜನ ಮರೆಯುತ್ತಾರೆ.


ಮಾರ್ಚ್ ೨೭

ತಮ್ಮನಿಗೆ,

ನನ್ನನ್ನು 'ನೀವು' ಅಂದೆಯಲ್ಲೋ! ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಕಾಜಾ ಹೊಲಿಯುತ್ತಿದ್ದವರು ಸೂಜಿ ಬಾಯಲ್ಲಿಟ್ಟುಕೊಂಡೇ, "ಗಿರಾಕಿ ಅಂದುಕೊಂಡಿದ್ದಾನೆ. ಹಾಗಾದ್ರೆ ಚೌಕಾಸಿ ಮಾಡು" ಅಂದರು. ಆದರೂ ಮೂರನೇ ಪುಟದ ಹಿಂಬದಿಗೆ ನಾನು ಸಹಿ ಹಾಕಿರಲೇ ಇಲ್ಲ. ಓಡಿಹೋಗಿ ಹಾಕಿ ಬಂದೆ.

ಕೇಳಿದ್ದಕ್ಕೆ ಉತ್ತರ. ಹೊಡೆಯುವುದು ಎಡಭುಜದಿಂದ. ಹೌದು, ಬರೆಯುವುದು ಉಣ್ಣುವುದು ಎಲ್ಲ ಬಲಗೈಯಲ್ಲೇ, ಆದರೂ ಬಂದೂಕು ಎಡಕ್ಕೇ ಅಭ್ಯಾಸವಾಗಿದೆ. ಸುಸ್ತು ಬಲಗೈಗೆ. ಎಡಗೈ ಟ್ರಿಗರಿನ ಹತ್ತಿರ ಇರುತ್ತದಲ್ಲ, ಬಲಗೈ ಮುಂದೆ ನಳಿಗೆಯ ಕೆಳಗೆ ಆಸರೆ. ಹತ್ತು ಹೊಡೆಯುವಷ್ಟರಲ್ಲಿ ಆ ತೋಳು ಸೀಸ ತುಂಬಿದ ಹಾಗೆ ಭಾರವಾಗಿ ಇಳಿದುಬಿಡುತ್ತದೆ.

ಇನ್ನು ಯಜಮಾನ ಕಣ್ಣು. ಬಸ್ ಡಿಪೋದ ಮುಂದೆ ನಿಂತು ದೀಪದ ಕಂಬಕ್ಕೆ ಬೆರಳು ತೋರಿಸಿ ಒಂದೊಂದೇ ಕಣ್ಣು ಮುಚ್ಚಿದೆ. ಮೆಕ್ಯಾನಿಕ್ಕು ತನಗೇ ಕಣ್ಣು ಹೊಡೆಯುತ್ತಿದ್ದೇನೆ ಅಂದುಕೊಂಡ. ಎಡಗಣ್ಣೇ ಯಜಮಾನ! ಐವತ್ತೆರಡು ವರ್ಷ ನನ್ನ ಮುಖದಲ್ಲೇ ಇದ್ದುಕೊಂಡು ಒಂದು ದಿನವೂ ಹೇಳಿರಲಿಲ್ಲ. ಚಿಕ್ಕವರಿದ್ದಾಗ ಗೋಡೆಯ ಮೇಲೆ ಡಬ್ಬ ಇಟ್ಟು ಕಲ್ಲು ಹೊಡೆಯುತ್ತಿದ್ದೆವಲ್ಲ, ನನ್ನ ಕಲ್ಲು ಡಬ್ಬ ಬಿಟ್ಟು ಪಕ್ಕದ ಮನೆಯ ಕಿಟಕಿಗೇ ಹೋಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಏಟು ತಿಂದವನು ನೀನು. ತಡವಾಗಿ ಕ್ಷಮೆ ಕೇಳುತ್ತೇನೆ.

ಕಳೆದ ಶನಿವಾರ ಐದು ಒಡೆದೆ.

ಅಕ್ಕ


ಏಪ್ರಿಲ್ ೯

ಅಕ್ಕನಿಗೆ,

ಸರಿ, ನೀನು.

ಎಡಗಣ್ಣಿನವಳು ಎಡಭುಜದಿಂದ ಹೊಡೆಯುವುದೇ ಸರಿ. ನಿನ್ನ ಟೈಪಿಸ್ಟ್ ಅಜ್ಜಿಗೆ ಇದು ಮೊದಲೇ ಗೊತ್ತಾಗಿತ್ತೋ, ಅದೃಷ್ಟವೋ ನಾನರಿಯೆ. ಆದರೆ ಬಂದೂಕುಗಳನ್ನು ಮಾಡುವುದು ಬಲಭುಜದವರಿಗೆ. ಭುಜಕ್ಕೆ ಒತ್ತುವ ಮರವನ್ನು ಒಂದು ಕೂದಲೆಳೆ ಬಲಕ್ಕೆ ಬಾಗಿಸಿರುತ್ತಾರೆ. ಕ್ಲಬ್ಬಿನದು ನಿನಗೆ ಕೆನ್ನೆಗೆ ಗುದ್ದುತ್ತಿರಬೇಕು.

ತಾನಾಗಿ ತೋಟಾ ತುಂಬಿಕೊಳ್ಳುವ ಬಂದೂಕನ್ನು ಯಾರಾದರೂ ತೋರಿಸಿದರೆ ಬೇಡವೆನ್ನು. ಒದೆತ ಕಡಿಮೆ, ಬೆಲೆಯೂ ಪರವಾಗಿಲ್ಲ. ಆದರೆ ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತದೆ, ಅಂದರೆ ನಿನ್ನ ಕಣ್ಣ ಮುಂದೆಯೇ. ನಿನಗೆ ಒಂದರ ಮೇಲೊಂದು ನಳಿಗೆ ಇರುವ ಜೋಡುನಳಿಗೆಯೇ ಸರಿ. ಮಡಚಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಸುತ್ತ ನಿಂತವರಿಗೂ ಕಾಣುತ್ತದೆ. ಹೊಸಬರ ಕೈಯಲ್ಲಿ ಅದೇ ಕ್ಷೇಮ.

ಹಳೆಯದನ್ನು ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡ. ಮುಂದಿನ ಕೈ ಹಿಡಿಯುವ ಮರವನ್ನು ಬಿಚ್ಚಿಸಿ, ನಳಿಗೆಯನ್ನು ಅಲ್ಲಾಡಿಸಿ ನೋಡು. ಲಟಪಟ ಅಂದರೆ ವಾಪಸು ಕೊಡು. ನಳಿಗೆಯನ್ನು ಬಿಚ್ಚಿ, ಬೆರಳಿಗೆ ತೂಗುಹಾಕಿ, ಉಗುರಿನಿಂದ ತಟ್ಟು. ಗಂಟೆಯ ಹಾಗೆ ಎಳೆದು ನುಡಿದರೆ ಒಳ್ಳೆಯದು. ಒಡಕು ಮಡಕೆಯ ಹಾಗೆ ನುಡಿದರೆ ಎಲ್ಲೋ ಬೆಸುಗೆ ಬಿಟ್ಟಿದೆ.

ಭಾವನಿಗೆ ಹೇಳಿ ನಿನ್ನ ಅಳತೆ ಕಳಿಸು. ಎಡ ಮೊಣಕೈಯ ಮಡಿಕೆಯಿಂದ ತೋರುಬೆರಳಿನ ತನಕ, ಕುತ್ತಿಗೆಯ ಉದ್ದ, ಭುಜದಿಂದ ಎದೆಯ ಏರಿನ ತನಕ, ತೋಳಿನ ಸುತ್ತಳತೆ. ಹೆಂಗಸರಿಗೆ ಮರದ ಕೆಳತುದಿಯನ್ನು ಸ್ವಲ್ಪ ಕೊಯ್ಯಬೇಕಾಗುತ್ತದೆ, ಇಲ್ಲದಿದ್ದರೆ ಎದೆಗೆ ಚುಚ್ಚುತ್ತದೆ.

ಒಂದು ಮಾತು ಅರ್ಥವಾಗಲಿಲ್ಲ. ಇಪ್ಪತ್ತೆಂಟು ವರ್ಷ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ತೋಳು ಹತ್ತು ಗುಂಡಿಗೆ ಇಳಿದುಹೋಗುವುದಿಲ್ಲ. ನೀನು ಯಾವಾಗಲೂ ಅರ್ಧವೇ ಹೇಳುತ್ತೀ.

ತಮ್ಮ


ಏಪ್ರಿಲ್ ೨೦

ತಮ್ಮನಿಗೆ,

ನೀನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪಕ್ಕದ ಊರಿನಲ್ಲಿ ಎರಡು ಹಳೆಯ ಬಂದೂಕು ನೋಡಿದೆ. ಟೈಪಿಸ್ಟ್ ಅಜ್ಜಿಯೂ ಜೊತೆಗಿದ್ದಳು. ಮೊದಲನೆಯದರ ಮೈಮೇಲೆ ಹೂಬಳ್ಳಿಯ ಕೆತ್ತನೆ, ನೋಡಿದರೆ ಮನಸ್ಸು ಹೋಗುತ್ತದೆ. ನಳಿಗೆ ಅಲ್ಲಾಡಿಸಿದೆ, ಹಳೇ ಬಸ್ಸಿನ ಬಾಗಿಲಿನ ಹಾಗೆ ಲಟಪಟ. ಎರಡನೆಯದನ್ನು ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿದಾಗ ಅಂಗಡಿಯವನ ಮುಖ ಸಣ್ಣಗಾಯಿತು. "ಇದನ್ನೆಲ್ಲ ಯಾರು ಹೇಳಿಕೊಟ್ಟರು ನಿಮಗೆ?" ಅಂದ. "ನನ್ನ ತಮ್ಮ" ಅಂದೆ. ಆ ಎರಡು ಪದ ನನ್ನ ಬಾಯಿಂದ ಹೊರಬಂದು ಎಷ್ಟು ಕಾಲವಾಗಿತ್ತು! ನಳಿಗೆಯನ್ನು ಸುಮ್ಮಸುಮ್ಮನೆ ಇನ್ನೆರಡು ಸಲ ತಟ್ಟಿದೆ. ಅಜ್ಜಿ ಮೊಣಕೈಯಿಂದ ತಿವಿದು ಹೊರಡಿಸಿದಳು.

ಅದು ಚೆನ್ನಾಗಿಯೇ ನುಡಿಯಿತು. ಆದರೆ ಮುಂಭಾರ. ಎತ್ತಿ ಹಿಡಿದರೆ ಮೂಗು ನೆಲಕ್ಕೆ. ಬಿಟ್ಟು ಬಂದೆ.

ಅಳತೆಯ ಪಟ್ಟಿ ಜೊತೆಗಿದೆ. ನಿನ್ನ ಭಾವ ಸಂಜೆ ಅಂಗಡಿ ಮುಚ್ಚಿದ ಮೇಲೆ ಕನ್ನಡಿಯ ಮುಂದೆ ನಿಲ್ಲಿಸಿ ತೆಗೆದರು. ಯಾರೋ ದೊಡ್ಡ ಮನುಷ್ಯರ ಕೋಟಿಗೆ ತೆಗೆಯುವ ಹಾಗೆ ಒಂದು ಮಾತಿಲ್ಲ ಕತೆಯಿಲ್ಲ. ಪಟ್ಟಿಯನ್ನು ತಾವೇ ಮಡಚಿ ಪಿನ್ನು ಹಾಕಿದರು. ತೋರಿಸಿ ಅಂದರೆ, "ದರ್ಜಿ ಬರೆದ ಅಳತೆ ಗಿರಾಕಿ ನೋಡಬಾರದು" ಅಂದರು. ಹೊಸ ಕಾಯಿದೆ.

ತೋಳಿನ ಸುಸ್ತಿಗೆ ತಲೆ ಕೆಡಿಸಿಕೊಳ್ಳಬೇಡ. ವಯಸ್ಸು.

ಅಕ್ಕ


ಮೇ ೨

ಅಕ್ಕ,

ನಾನು ಕೇಳಿದ್ದು ಎಡಗಡೆಯ ಅಳತೆ ಮಾತ್ರ. ಭಾವ ಎರಡು ಸಾಲು ಮಾಡಿ ಎಡ ಬಲ ಎರಡನ್ನೂ ಬರೆದಿದ್ದಾರೆ. ಬಲತೋಳಿನ ಸುತ್ತಳತೆ ಎಡತೋಳಿಗಿಂತ ಒಂದಿಂಚು ಜಾಸ್ತಿ. 'ಭುಜದಿಂದ ಎದೆಯ ಏರು' ಅನ್ನುವಲ್ಲಿ ಎಡಕ್ಕೆ ಅಂಕಿ ಇದೆ, ಬಲಕ್ಕೆ ಒಂದು ಸಣ್ಣ ಗೆರೆ ಎಳೆದು ಬಿಟ್ಟಿದ್ದಾರೆ.

ಆ ಗೆರೆಯನ್ನು ನಾನು ನಾಲ್ಕು ದಿನದಿಂದ ನೋಡುತ್ತಿದ್ದೇನೆ.

ಬಂದೂಕಿನ ಮಾತು ಆಮೇಲೆ. ಏನಾಗಿದೆ, ಯಾವಾಗ ಆಯಿತು, ಈಗ ಹೇಗಿದ್ದೀ, ಮೂರನ್ನೂ ಬರೆ. ಅಮ್ಮನ ವಿಷಯದಲ್ಲಿ 'ಆರಾಮಾಗಿದ್ದಾಳೆ' ಅಂತ ನೀನು ಬರೆದ ಏಳು ಕಾಗದ ನನ್ನ ಹತ್ತಿರ ಇನ್ನೂ ಇವೆ. ಎಲ್ಲ ಮುಗಿದು ಮೂರನೇ ದಿನ ಬಂದು ಬಾಗಿಲಲ್ಲಿ ನಿಲ್ಲುವುದು ಇನ್ನೊಂದು ಸಲ ನನ್ನಿಂದಾಗುವುದಿಲ್ಲ.

ತಮ್ಮ


ಜೂನ್ ೧೧

ತಮ್ಮನಿಗೆ,

ನಲವತ್ತು ದಿನ ತೆಗೆದುಕೊಂಡೆ. ಆರು ಸಲ ಬರೆದು ಹರಿದೆ. ನೀನು ಎರಡು ಸಲ ಫೋನ್ ಮಾಡಿದೆ ಎಂದು ನಿನ್ನ ಭಾವ ಹೇಳಿದರು. "ಅವಳೇ ಬರೀತಾಳೆ, ತಾಳು" ಅಂದರಂತೆ. ನನ್ನ ಮೇಲೆ ಅವರಿಗಿರುವ ನಂಬಿಕೆ ನನಗೇ ಇರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಓದಿದಾಗ ನಾನೂ ಹಾಗೇ ಮುಟ್ಟಿಕೊಂಡೆ.

ಹೋದ ವರ್ಷ ಜುಲೈನಲ್ಲಿ ಬಲ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಕ್ಯಾನ್ಸರ್. ಆಗಸ್ಟಿನಲ್ಲಿ ಆ ಎದೆಯನ್ನೂ ಕಂಕುಳಿನ ಒಂದಷ್ಟು ಗಂಟುಗಳನ್ನೂ ತೆಗೆದರು. ತೋಳು ಬಾತುಕೊಳ್ಳುವುದು, ಬೇಗ ದಣಿಯುವುದು ಅದರಿಂದ. ಆಮೇಲೆ ಔಷಧಿ, ಕೂದಲು ಹೋಯಿತು, ಬಂತು. ಆಮೇಲೆ ಇಪ್ಪತ್ತೈದು ದಿನ ಯಂತ್ರದ ಕೆಳಗೆ ಮಲಗಿಸಿ ಕಿರಣ ಕೊಟ್ಟರು. ಎದೆಯ ಮೇಲೆ ಶಾಯಿಯಲ್ಲಿ ಗುರುತು ಹಾಕಿ, "ಅಲ್ಲಾಡಬೇಡಿ" ಅಂತ ಹೇಳಿ ಎಲ್ಲರೂ ಕೋಣೆಯಿಂದ ಆಚೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆರು ತಿಂಗಳು ಎಲ್ಲರೂ ನನಗೇ ಗುರಿ ಇಟ್ಟಿದ್ದರು ಕಣೋ. ಕ್ವಾರಿಯಲ್ಲಿ ಮೊದಲ ಸಲ ಬಂದೂಕು ಎತ್ತಿದಾಗ ನಾನು ಯಾವುದಕ್ಕೋ ಗುರಿ ಇಟ್ಟೆ. ಅದು ಒಡೆಯಿತು. ಅವತ್ತು ಅಷ್ಟು ನಕ್ಕದ್ದು ಅದಕ್ಕೇ. ಮೊದಲೇ ಹೇಳಿಬಿಡುತ್ತೇನೆ, ಡಾಕ್ಟರನ್ನು ಕೇಳಿಯೇ ಬಂದೂಕು ಮುಟ್ಟಿದ್ದು. "ಎಡಭುಜಕ್ಕಾದರೆ ಆಗಬಹುದು. ತೋಳು ಬಾತರೆ ಅವತ್ತಿಗೆ ನಿಲ್ಲಿಸಿ" ಅಂದಿದ್ದಾರೆ. ಈಗ ಚೆನ್ನಾಗಿದ್ದೇನೆ. ಇದು ಏಳು ಕಾಗದದ 'ಆರಾಮ' ಅಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆ ಇದೆ, ಮುಂದಿನದು ಸೆಪ್ಟೆಂಬರಿನಲ್ಲಿ.

ಇನ್ನು ಅಮ್ಮನ ವಿಷಯ. ಎತ್ತುವುದಿಲ್ಲ ಅಂದಿದ್ದೆ, ಎತ್ತುತ್ತಿದ್ದೇನೆ.

ಅಮ್ಮನೇ ಬೇಡ ಅಂದಿದ್ದಳು. "ಅವನು ಅಂಗಡಿ ಬಾಗಿಲು ತೆಗೆಯೋ ತಿಂಗಳು, ಈಗ ಹೇಳಿ ಅವನ ಕೈಕಾಲು ಕಟ್ಟಬೇಡ. ನಾನು ಎದ್ದ ಮೇಲೆ ಹೇಳು" ಅಂದಳು. ಒಂಬತ್ತು ವರ್ಷ ನಾನು ಈ ಮಾತಿನ ಹಿಂದೆ ಅಡಗಿ ಕೂತೆ. ಪೂರ್ತಿ ನಿಜ ಅದಲ್ಲ. ಅಮ್ಮ ಬೇಡ ಅಂದಾಗ ನನಗೆ ಹಾಯೆನಿಸಿತು. ನಿನಗೆ ಬರೆಯಲು ಕೂತರೆ 'ಅಮ್ಮ ಉಳಿಯುವುದಿಲ್ಲ' ಎಂದು ನನ್ನ ಕೈಯಾರೆ ಬರೆಯಬೇಕಿತ್ತು. ಬರೆಯದಿದ್ದರೆ ಅದು ಆಗುವುದಿಲ್ಲ ಅಂದುಕೊಂಡೆ. ನೀನು ಬಾಗಿಲಲ್ಲಿ ನಿಂತು, "ನನ್ನ ಪಾಲಿನ ಅಮ್ಮನನ್ನ ನೀನು ಕಿತ್ಕೊಂಡೆ" ಅಂದೆಯಲ್ಲ, ಆ ಮಾತು ಸುಳ್ಳಾಗಿದ್ದರೆ ನಾನು ಅವತ್ತೇ ಜಗಳವಾಡಿ ಅವತ್ತೇ ಮುಗಿಸುತ್ತಿದ್ದೆ.

ಇಷ್ಟೇ. ಬಂದೂಕು ಸಿಗದಿದ್ದರೂ ಸರಿ.

ಅಕ್ಕ


ಜೂನ್ ೧೮

ಅಕ್ಕನಿಗೆ,

ನಿನ್ನ ಕಾಗದವನ್ನು ಹೆಂಡತಿ ಅಂಗಡಿಗೇ ತಂದುಕೊಟ್ಟಳು. ಓದಿ ಮುಗಿಸಿ, ಒಬ್ಬರ ಬಂದೂಕಿನ ಮರಕ್ಕೆ ಎಣ್ಣೆ ಉಜ್ಜಲು ಕೂತೆ. ಮಧ್ಯಾಹ್ನದವರೆಗೆ ಒಂದೇ ಮರ ಉಜ್ಜಿದೆ. ಅವಳು ಬಂದು ನೋಡಿ, "ಸಾಕು, ಅದು ಕನ್ನಡಿ ಆಯ್ತು. ಈಗ ಎದ್ದು ಉತ್ತರ ಬರೀರಿ" ಅಂದಳು.

ಸಿಟ್ಟು ಬಂದಿದೆ. ಹೋದ ಆಗಸ್ಟಿನಲ್ಲಿ ನಾನು ಸುಮ್ಮನೆ ಅಂಗಡಿಯಲ್ಲಿ ಕೂತು ತುಕ್ಕು ತಿಕ್ಕುತ್ತಿದ್ದೆ, ಅದೇ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿ ಮಲಗಿದ್ದೆ. ಈ ಸಿಟ್ಟು ಇಳಿಯಲು ಸ್ವಲ್ಪ ದಿನ ಬೇಕು. ಇಳಿಯುತ್ತದೆ.

ನಾನೂ ಒಂದು ಹೇಳಬೇಕು, ಹೆಂಡತಿಗೂ ಹೇಳಿದವನಲ್ಲ. ಆ ತಿಂಗಳು ಅಮ್ಮ ಎರಡು ಸಲ ಫೋನಿನಲ್ಲಿ ಮಾತಾಡಿದಳು. ಎರಡನೇ ಸಲ ಅವಳ ದನಿ ದಾರದಷ್ಟು ಸಣ್ಣಗಾಗಿತ್ತು. ನನಗೆ ಕೇಳಿಸಿತು. ಅಂಗಡಿಗೆ ಬಣ್ಣ ಬಳಿಯುವವರು ಬಂದು ನಿಂತಿದ್ದರು. ಯಾಕಮ್ಮ ಹೀಗೆ ಅಂತ ಒಂದು ಮಾತು ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಕೇಳಲಿಲ್ಲ. ನೀನು ಬರೆಯಲಿಲ್ಲ ಅನ್ನುವುದು ನನಗೆ ಅನುಕೂಲವಾಯಿತು. ಎಲ್ಲವನ್ನೂ ನಿನ್ನ ಹೆಗಲಿಗೆ ಹಾಕಿ ಒಂಬತ್ತು ವರ್ಷ ಆರಾಮಾಗಿ ಸಿಟ್ಟು ಮಾಡಿಕೊಂಡಿದ್ದೆ.

ಈಗ ಬಂದೂಕು. ನನ್ನ ಅಂಗಡಿಯ ಕಪಾಟಿನಲ್ಲೇ ಒಂದಿದೆ. ನಾಲ್ಕು ವರ್ಷದ ಹಿಂದೆ ಒಬ್ಬ ಎಡಗೈಯವನು ಮಾಡಿಸಿಕೊಂಡು, ಆರು ತಿಂಗಳಿಗೆ ಹುಚ್ಚು ಬಿಟ್ಟು ಮಾರಿಹೋದ. ಒಳ್ಳೆಯ ಜೋಡುನಳಿಗೆ, ಗಟ್ಟಿಮುಟ್ಟಾಗಿದೆ. ಆದರೆ ಮರ ಎಡಕ್ಕೆ ಬಾಗಿದೆ. ಬಂದವರೆಲ್ಲ ಎತ್ತಿ, ಭುಜಕ್ಕಿಟ್ಟು, ಮುಖ ಸಿಂಡರಿಸಿ ಕೆಳಗಿಡುತ್ತಾರೆ. ಪಾಪ, ಅದರದೇನೂ ತಪ್ಪಿಲ್ಲ. ಕೊಳ್ಳುವವರಿಲ್ಲದ್ದಕ್ಕೆ ಬೆಲೆ ಇಳಿಸುತ್ತ ಬಂದು, ಈಗ ನೀನು ಹೇಳಿದ ಮೊತ್ತಕ್ಕೂ ಕಡಿಮೆಯಾಗಿದೆ. ಬಿಟ್ಟಿ ಕೊಡುವುದಿಲ್ಲ, ಕೊಟ್ಟರೆ ನೀನು ತೆಗೆದುಕೊಳ್ಳುವುದೂ ಇಲ್ಲ.

ನಳಿಗೆ ಗಿಡ್ಡದು, ಇಪ್ಪತ್ತೆಂಟು ಇಂಚು. ಮರದ ಹಿಂಬದಿಯನ್ನು ಕೊರೆದು ಒಳಗೆ ಸೀಸ ತುಂಬುತ್ತೇನೆ. ಒಟ್ಟು ತೂಕ ಮೂರೂವರೆ ಕಿಲೋವೇ, ಆದರೆ ಭಾರವೆಲ್ಲ ನಿನ್ನ ಎಡಭುಜದ ಕಡೆ ಕೂರುತ್ತದೆ. ಬಲಗೈ ಬರೀ ದಾರಿ ತೋರಿಸಿದರೆ ಸಾಕು, ಹೊರಬೇಕಾಗಿಲ್ಲ. ಕೊನೆಯ ಅಳತೆಯನ್ನು ಕಾಗದದಲ್ಲಿ ಮಾಡಲಾಗುವುದಿಲ್ಲ, ಎದುರಿಗೆ ನಿಂತು ಮಾಡಬೇಕು. ನಿನ್ನ ಪರವಾನಗಿ ಬಂದ ಕೂಡಲೇ ತಂತಿಯ ಹಾಗೆ ಎರಡೇ ಸಾಲು ಬರೆ. ಬಂದೂಕನ್ನೂ ಮರ ತಿಕ್ಕುವ ಅರದ ಪೆಟ್ಟಿಗೆಯನ್ನೂ ಹಿಡಿದು ನಾನೇ ಬರುತ್ತೇನೆ.

ತಮ್ಮ


ಜುಲೈ ೧

ತಮ್ಮನಿಗೆ,

ಪರವಾನಗಿ ಬಂತು.
ಬಾ.

ಅಕ್ಕ


ಜುಲೈ ೧೬

ಅಕ್ಕನಿಗೆ,

ಕ್ಷೇಮವಾಗಿ ತಲುಪಿದೆ. ನಾಲ್ಕು ದಿನ ನಿನ್ನ ಮನೆಯಲ್ಲಿದ್ದೂ ಬಾಯಲ್ಲಿ ಬಾರದ್ದನ್ನು ರೈಲಿನಲ್ಲಿ ಮನಸ್ಸಿನಲ್ಲೇ ಬರೆದುಕೊಂಡು ಬಂದೆ.

ನೀನು ನಿಲ್ದಾಣದಲ್ಲಿ ನಿಂತಿದ್ದದ್ದು ಕಿಟಕಿಯಿಂದಲೇ ಕಂಡಿತು. ಗುಂಗುರು ಕೂದಲಾಗಿದೆ ಅಂತ ನೀನು ಬರೆದಿರಲಿಲ್ಲ. ಎರಡು ನಿಮಿಷ ಡಬ್ಬಿಯೊಳಗೇ ನಿಂತುಕೊಂಡೆ, ಇಳಿಯುವವರೆಲ್ಲ ಬೈದುಕೊಂಡು ಇಳಿದರು. ಇಳಿದ ಮೇಲೆ ನಾನಾಡಿದ ಮೊದಲ ಮಾತು, "ಎಲ್ಲಿ, ಕೈ ಚಾಚು, ಮೊಣಕೈ ನೋಡೋಣ" ಅಂತ. ಅದಕ್ಕೆ ನೀನು, "ಮೊದಲು ಪೆಟ್ಟಿಗೆ ಕೆಳಗಿಡೋ ಮಹರಾಯ" ಅಂದೆ. ಒಂಬತ್ತು ವರ್ಷದ ಮೇಲೆ ಆಡಿದ ಮಾತು ಅಷ್ಟೇ. ಭಾವ ಮಾತ್ರ ಪಕ್ಕಕ್ಕೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅವರನ್ನು ಕೇಳಿದೆ, ಬಲಗಡೆಯ ಅಳತೆ ಯಾಕೆ ಬರೆದಿರಿ ಅಂತ. ಆಗ ನೀನು ಡಿಪೋಗೆ ಹೋಗಿದ್ದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಲೂ ಇಲ್ಲ. "ಹೇಳಬೇಡಿ ಅಂತ ಅವಳು ಆಣೆ ಹಾಕಿಸಿದ್ದಳು. ಅಳೆಯಬೇಡಿ ಅಂತ ಹೇಳಿರಲಿಲ್ಲ" ಅಂದರು. ಅವರ ಮೇಲೆ ಕೋಪಿಸಿಕೊಳ್ಳಬೇಡ.

ಶನಿವಾರ ಕ್ವಾರಿಯಲ್ಲಿ ನಾನು ನಿನ್ನ ಬೆನ್ನ ಹಿಂದೆ ನಿಂತಿದ್ದೆ. ನಿನಗೆ ಕಾಣದ್ದು ನನಗೆ ಕಂಡಿತು. ಮೊದಲ ಆರು ಬಿಲ್ಲೆ ತಪ್ಪಿದಾಗ ನಿನ್ನ ಭುಜ ಕಿವಿಯ ತನಕ ಏರಿತ್ತು. ಮರ ಇನ್ನೂ ಉದ್ದ ಇತ್ತು, ತಪ್ಪು ನಿನ್ನದಲ್ಲ. ಬೇಲಿಯ ಕಲ್ಲಿನ ಮೇಲೆ ಕೂತು ಕಾಲು ಇಂಚು ಅರ ಹಾಕಿ ಕೊಟ್ಟೆ. "ಇಷ್ಟೇ ಇಷ್ಟಕ್ಕೆ ಏನಾಗತ್ತೆ?" ಅಂದೆ ನೀನು. ಮತ್ತೆ ಭುಜಕ್ಕಿಟ್ಟೆ. ಬಂದೂಕು ತನ್ನ ಜಾಗ ಹುಡುಕಿಕೊಂಡು ಹೋಗಿ ಕೂತುಬಿಟ್ಟಿತು. ಅದು ಹಾಗೆ ಕೂರುವುದನ್ನು ಇಪ್ಪತ್ತು ವರ್ಷದಲ್ಲಿ ನೂರಾರು ಸಲ ನೋಡಿದ್ದೇನೆ. ಅರವನ್ನು ಪೆಟ್ಟಿಗೆಗೆ ಹಾಕಲು ಮರೆತು ಕೈಯಲ್ಲೇ ಹಿಡಿದು ನಿಂತದ್ದು ಇದೇ ಮೊದಲು.

"ಹಾಕು!" ಅಂತ ಕೂಗಿದೆ ನೀನು. ಎಂಥ ದನಿ! ಮಕ್ಕಳಿಗೆ 'ಕೂತ್ಕೊಳ್ರೋ' ಅನ್ನುವ ದನಿ. ಬಿಲ್ಲೆಯೇ ಹೆದರಿಕೊಂಡು ಹೊರಟ ಹಾಗಿತ್ತು. ಪುಡಿಯಾಯಿತು. ಅದರ ಮೇಲೆ ಇನ್ನೊಂದು. ಇಪ್ಪತ್ತೈದಕ್ಕೆ ಹನ್ನೊಂದು. ಅಜ್ಜಿ ನನ್ನ ಹತ್ತಿರ ಬಂದು, "ನಿಮ್ಮಕ್ಕ ಯಾವತ್ತೂ ಬಲಗೈ ಉಜ್ಜಿಕೊಂಡು ಹಿಂದೆ ಬರ್ತಿದ್ಲು. ಇವತ್ತು ಉಜ್ಜಿಕೊಳ್ಲಿಲ್ಲ, ನೋಡಿದ್ರಾ?" ಅಂದಳು. ನೋಡಿದ್ದೆ. ಅದನ್ನು ನೋಡಲೆಂದೇ ಅಷ್ಟು ದೂರ ಬಂದಿದ್ದೆ.

ನಮ್ಮ ಜಗಳವನ್ನೂ ಬರೆದುಬಿಡುತ್ತೇನೆ. ಅಮ್ಮನ ಕೊನೆಯ ವಾರದ ಬಗ್ಗೆ ಹೇಳು ಅಂದೆ. ನೀನು ಹೇಳಿದೆ. ನಡುವೆ ನಾನು ಎದ್ದು ಹೊರಗೆ ಹೋದೆ, ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡೆ. ಮೆಟ್ಟಿಲ ಮೇಲೆ ಕೂತಿದ್ದಾಗ ನೀನು ಬಂದು ಪಕ್ಕದಲ್ಲಿ ಕೂತೆ, ಮುಂದಿನದನ್ನು ಅಲ್ಲೇ ಹೇಳಿ ಮುಗಿಸಿದೆ. ಯಾವುದನ್ನೂ ಬಿಡಲಿಲ್ಲ. ಕೇಳಲು ಕಷ್ಟವಾಯಿತು. ಆದರೆ ಅಮ್ಮನ ಆ ವಾರ ಈಗ ನನ್ನ ಹತ್ತಿರವೂ ಇದೆ.

ಬಂದೂಕನ್ನು ಒರೆಸಿ ಒಳಗಿಡು. ಒದ್ದೆ ಬಟ್ಟೆ ಬೇಡ.

ತಮ್ಮ


ಸೆಪ್ಟೆಂಬರ್ ೬

ತಮ್ಮನಿಗೆ,

ಇವತ್ತು ಹನ್ನೊಂದು ಗಂಟೆಗೆ ತಪಾಸಣೆಯ ವರದಿ ಬಂತು. ಈಗ ಹನ್ನೆರಡೂವರೆ. ಆಸ್ಪತ್ರೆಯ ಎದುರಿನ 'ಕಾಫಿ ತಿಂಡಿ' ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಭಾವ ಎದುರಿಗೆ ಕೂತಿದ್ದಾರೆ. ಅವರನ್ನು ಬಿಟ್ಟರೆ ಇದು ಗೊತ್ತಾಗುತ್ತಿರುವುದು ನಿನಗೇ ಮೊದಲು.

ಆಪರೇಷನ್ ಆದ ಜಾಗ ಸ್ವಚ್ಛವಾಗಿದೆ. ರಕ್ತ ಚೆನ್ನಾಗಿದೆ. ತೋಳಿನ ಬಾವು ಅರ್ಧ ಇಂಚಿಗೆ ಇಳಿದಿದೆ. ಡಾಕ್ಟರು, "ಏನು ವ್ಯಾಯಾಮ ಮಾಡ್ತಿದ್ದೀರಿ?" ಅಂದರು. "ಬಿಲ್ಲೆ ಒಡೀತೀನಿ" ಅಂದೆ. ಅದನ್ನು ಹಾಗೇ ಬರೆದುಕೊಂಡರು.

ವರದಿಯಲ್ಲಿ ಇನ್ನೂ ಒಂದು ಸಾಲಿದೆ. ಎಡ ಶ್ವಾಸಕೋಶದಲ್ಲಿ ಎಳ್ಳಿನಷ್ಟು ಒಂದು ಚುಕ್ಕೆ ಕಂಡಿದೆ. ಹಳೆಯ ಕೆಮ್ಮಿನ ಕಲೆ ಇರಬಹುದು, ಹತ್ತಕ್ಕೆ ಎಂಟು ಜನರಲ್ಲಿ ಏನೂ ಆಗಿರುವುದಿಲ್ಲ ಅಂದರು. ಆದರೂ ಇನ್ನೊಂದು ಸಲ ಸ್ಕ್ಯಾನ್ ಮಾಡಿ ನೋಡಿಬಿಡೋಣ ಅಂದಿದ್ದಾರೆ. ಹೋದ ವರ್ಷದ ನಾನಾಗಿದ್ದರೆ ಈ ಸಾಲನ್ನು ಮಡಚಿ ಇಟ್ಟು, ತೋಳಿನ ಬಾವು ಇಳಿದದ್ದನ್ನು ಮಾತ್ರ ಬರೆಯುತ್ತಿದ್ದೆ. ಸ್ವಲ್ಪ ಭಯವಿದೆ. ತುಂಬ ಇಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಈಗ ಎರಡು ಬ್ರೆಡ್ಡು ತಿಂದೆ, ಮೂರನೆಯದಕ್ಕೆ ಹೇಳಿದ್ದೇನೆ.

ಹೋದ ಶನಿವಾರ ಹದಿನಾಲ್ಕು. ಗಾಳಿ ಜೋರಾಗಿತ್ತು, ಇಲ್ಲದಿದ್ದರೆ ಇನ್ನೊಂದೆರಡು ಆಗುತ್ತಿತ್ತು. ಅಜ್ಜಿ ನನ್ನನ್ನು ಕೇಳದೆಯೇ ಹೊಸಬರ ಪಂದ್ಯಕ್ಕೆ ನನ್ನ ಹೆಸರು ಟೈಪು ಮಾಡಿ ಕೊಟ್ಟುಬಿಟ್ಟಿದ್ದಾಳೆ. ಪಂದ್ಯದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರೇ ತುಂಬಿದ್ದಾರೆ. ನಾನೊಬ್ಬಳು ಬಸ್ ಡ್ರೈವರು. ಮಕ್ಕಳು ಬಸ್ಸಿನಲ್ಲಿ ಈಗಲೇ ಘೋಷಣೆ ಕೂಗಿ ಕಿವಿ ಕಿತ್ತುಹಾಕುತ್ತಿದ್ದಾರೆ.

ಹದಿನೆಂಟನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನು. ಇಪ್ಪತ್ತೊಂದಕ್ಕೆ ಪಂದ್ಯ. ಎರಡಕ್ಕೂ ಬಾ, ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ಅಂಗಡಿ ಬಿಟ್ಟು ಒಂದಕ್ಕೇ ಬರಲಾಗುವುದಾದರೆ ಹದಿನೆಂಟಕ್ಕೆ ಬಾ. ಗುರಿ ತಪ್ಪಿದಾಗ ಜೊತೆಗೆ ನಿಂತು ನಗಲು ಇಲ್ಲಿ ಬೇಕಾದಷ್ಟು ಜನರಿದ್ದಾರೆ. ಸ್ಕ್ಯಾನಿನ ಕೋಣೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಮಾತ್ರ ನೀನು ಕೂತಿರಬೇಕು.

ನಿನ್ನ ದಾರಿ ನೋಡುತ್ತಿರುವ
ಅಕ್ಕ